ಇಂಗ್ಲಿಷಿನ ‘ಗಟ್’ (gut) ಅಂದರೆ ಕರುಳು ಅಲ್ವಾ? ಮತ್ತೆ ‘ಅವನಿಗೆ ಗಟ್ಸ್ ಇದೆ’ ಅಂದರೇನು?

ಮೂಲ ಅರ್ಥ ಕರುಳೇ. ಆದರೆ ಇಂಗ್ಲಿಷಿನಲ್ಲಿ ಧೈರ್ಯ ಇರುವುದೂ ಅಲ್ಲೇ. ನಾವು ‘ಗುಂಡಿಗೆ ಬೇಕು’ ಅನ್ನುವ ಕಡೆ ಅವರು ಗಟ್ಸ್ ಅನ್ನುತ್ತಾರೆ. ನಮ್ಮ ಕರುಳಿನಲ್ಲಿರುವುದು ಮಮತೆ: ಕರುಳಿನ ಕುಡಿ, ಕರುಳು ಚುರುಕ್ ಅನ್ನುವುದು. ಸುಮ್ನೆ ಪದಕ್ಕೆ ಪದ ಇಟ್ಟರೆ ಅರ್ಥವೇ ಕೆಡುತ್ತದೆ.

ಕ್ರಿಯಾಪದವಾದರೆ ಬೇರೆ. ನಮ್ಮ ಕಾಸರಗೋಡಿನ ಮೀನು ಮಾರ್ಕೆಟಿನಲ್ಲಿ ಬಂಗುಡೆಯ ಹೊಟ್ಟೆ ಸೀಳಿ, ಬೆರಳು ಹಾಕಿ ಕರುಳು ಎಳೆದು ತೆಗೆಯುತ್ತಾರಲ್ಲ, ಅದೇ ಗಟ್ ಮಾಡುವುದು. ಬೆಂಕಿಗೆ ಒಳಗೆಲ್ಲ ಸುಟ್ಟು ಗೋಡೆ ಮಾತ್ರ ಉಳಿದ ಅಂಗಡಿಯನ್ನು ‘ಗಟೆಡ್’ ಅನ್ನುವುದೂ ಇದರಿಂದಲೇ.

‘ಗಟ್ ಫೀಲಿಂಗ್’ ಅಂದರೆ ಕಾರಣ ಗೊತ್ತಿಲ್ಲದಿದ್ದರೂ ಒಳಗಿನಿಂದ ಬರುವ ಅನಿಸಿಕೆ. ಹಳೆಯ ಪಿಟೀಲಿನ ಗಟ್ ತಂತಿ ಮಾತ್ರ ನಿಜವಾಗಿಯೂ ಕುರಿಯ ಕರುಳಿನದು.