ಹಳೆಯ ಜೈಲು ಕಟ್ಟಡಗಳು ಇನ್ನೂ ಏಕೆ ಬಳಕೆಯಲ್ಲಿವೆ?

ಪ್ರಶ್ನೆ: ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಗಿ ಎಷ್ಟೋ ವರ್ಷಗಳಾದವು. ಆದರೆ ದೇಶದಲ್ಲಿ ಬ್ರಿಟಿಷರ ಕಾಲದ ಅನೇಕ ಜೈಲುಗಳಲ್ಲಿ ಇಂದಿಗೂ ಕೈದಿಗಳಿದ್ದಾರೆ. ಇವನ್ನು ಬಿಟ್ಟು ಊರಾಚೆ ಹೊಸದನ್ನು ಕಟ್ಟಲು ಅಡ್ಡಿಯೇನು?
– ಓದುಗರೊಬ್ಬರು, ಮೈಸೂರು

ಉತ್ತರ: ಹಣದ ಕೊರತೆಯೂ ಒಂದು ಕಾರಣವೇ. ಆದರೆ ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ ಜೈಲುಗಳು ಎಂದೂ ತೆರವಾಗದಿರುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಮಂದಿಗೆ ಸ್ಥಳವಿದ್ದು, 5,73,220 ಮಂದಿ ಇದ್ದರು. ಹೀಗಿರುವಾಗ ದುರಸ್ತಿಗೆಂದು ಒಂದು ಬ್ಯಾರಕ್ ಬಿಡಿಸಿಕೊಟ್ಟರೆ ಅಲ್ಲಿನವರನ್ನು ಮಲಗಿಸುವುದಾದರೂ ಎಲ್ಲಿ?

ಹಳೆಯ ಜೈಲಿನ ದೋಷ ಅದರ ವಯಸ್ಸಿನಲ್ಲಿಲ್ಲ, ಅದನ್ನು ಕಟ್ಟಿದ ಉದ್ದೇಶದಲ್ಲಿದೆ. ಹತ್ತೊಂಬತ್ತನೆಯ ಶತಮಾನದವರಿಗೆ ಎತ್ತರದ ಗೋಡೆ ಮತ್ತು ತಪ್ಪದ ಕಾವಲು ಮುಖ್ಯವಾಗಿದ್ದವು. ಗಾಳಿ, ಬೆಳಕು, ಶೌಚಾಲಯ, ಚಿಕಿತ್ಸೆ ಮತ್ತು ಕಲಿಕೆಗೆ ಬೇಕಾದ ಕೋಣೆಗಳು ಆ ಲೆಕ್ಕದಲ್ಲಿ ಹಿಂದೆ ಬಿದ್ದವು. ಲಂಡನ್ನಿನಲ್ಲಿ 1842ರಲ್ಲಿ ತೆರೆದ ಪೆಂಟನ್‌ವಿಲ್ ಜೈಲನ್ನು ಕೋಣೆಗೊಬ್ಬನೇ ಕೈದಿ ಒಂಟಿಯಾಗಿರಬೇಕೆಂಬ ತತ್ವದ ಮೇಲೆ ಕಟ್ಟಲಾಯಿತು. ಈಗ ಅಂಥ ಅನೇಕ ಕೋಣೆಗಳಲ್ಲಿ ಇಬ್ಬಿಬ್ಬರಿದ್ದಾರೆ. ಕಲ್ಲುಗೋಡೆ ಗಟ್ಟಿಯಾಗಿರುವುದೇ ಇಂಥ ಕಟ್ಟಡಗಳು ಉಳಿದುಕೊಳ್ಳಲು ನೆಪ. ತಪಾಸಣೆಗೆ ಬಂದವರು ಗೋಡೆಯ ಬಿರುಕು ನೋಡುತ್ತಾರೆಯೇ ಹೊರತು, ಬೇಸಿಗೆಯ ರಾತ್ರಿ ಒಳಗಿನ ಉಸಿರುಗಟ್ಟುವಿಕೆಯನ್ನಲ್ಲ.

ಇನ್ನು ಊರಾಚೆಗೆ ಸಾಗಿಸುವ ಮಾತು. ಅದೇ 2022ರ ಅಂಕಿಅಂಶದಂತೆ ಕೈದಿಗಳಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು, ಅಂದರೆ ಮತ್ತೆ ಮತ್ತೆ ನ್ಯಾಯಾಲಯಕ್ಕೆ ಹಾಜರಾಗಬೇಕಾದವರು. ಪೇಟೆಯೊಳಗಿನ ಹಳೆಯ ಜೈಲು ಸಾಮಾನ್ಯವಾಗಿ ನ್ಯಾಯಾಲಯಕ್ಕೂ ಬಸ್ ನಿಲ್ದಾಣಕ್ಕೂ ಸಮೀಪವಿರುತ್ತದೆ. ಹೆಗ್ಗಡದೇವನಕೋಟೆಯಿಂದಲೋ ನಾಗಮಂಗಲದಿಂದಲೋ ಒಂದು ದಿನದ ಕೂಲಿ ಬಿಟ್ಟು ಮಗನನ್ನು ನೋಡಲು ಬರುವ ತಾಯಿಗೆ ಆ ಸಾಮೀಪ್ಯ ಸಣ್ಣ ವಿಷಯವಲ್ಲ. ವಿಡಿಯೊ ಮೂಲಕ ವಿಚಾರಣೆ ನಡೆಯಬಹುದು, ಆದರೆ ವಕೀಲರೊಡನೆ ಗುಟ್ಟಾಗಿ ಮಾತನಾಡಲು ಅದು ಸಾಲದು. ಹೀಗಾಗಿ ಸಾರಿಗೆಯ ಏರ್ಪಾಡಿಲ್ಲದ ಹೊಸ ಕಟ್ಟಡವನ್ನು ನಾನು ಸುಧಾರಣೆಯೆಂದು ಒಪ್ಪಲಾರೆ.

ನನ್ನ ದೃಷ್ಟಿಯಲ್ಲಿ ಮೊದಲು ಆಗಬೇಕಾದದ್ದು ಜೈಲುಗಳಲ್ಲಿನ ಕೈದಿಗಳ ಸಂಖ್ಯೆ ಇಳಿಸುವ ಕೆಲಸ. ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದ ವಿಚಾರಣಾಧೀನರು ತಮ್ಮ ಮೇಲಿನ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲವನ್ನು ಜೈಲಿನಲ್ಲೇ ಕಳೆದಿದ್ದರೆ ಅವರನ್ನು ನ್ಯಾಯಾಲಯ ಬಾಂಡ್ ಮೇಲೆ ಬಿಡುಗಡೆ ಮಾಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಅನ್ವಯಿಸದು. ಈ ಅವಕಾಶವನ್ನು ಜಿಲ್ಲೆ ಜಿಲ್ಲೆಗಳಲ್ಲಿ ಶ್ರದ್ಧೆಯಿಂದ ಬಳಸಿದರೆ, ಸರದಿಯ ಮೇಲೆ ಒಂದೊಂದು ಬ್ಯಾರಕ್ ತೆರವು ಮಾಡಿ ಶೌಚಾಲಯ, ಕಿಟಕಿ, ವಿದ್ಯುತ್ ತಂತಿಗಳನ್ನು ಸರಿಪಡಿಸಬಹುದು.