ವಯಸ್ಸು 36, ಬಾಸ್ಕೆಟ್‌ಬಾಲ್‌ನಲ್ಲಿ ಪೋಸ್ಟ್‌ನಿಂದ (ರಿಂಗ್ ಹತ್ತಿರದ ಜಾಗ) ಬಾಸ್ಕೆಟ್ ಬೀಳುತ್ತಿಲ್ಲ. ತೂಕ ಹೆಚ್ಚಿಸಿಕೊಳ್ಳಲಾ, ದೂರದ ತ್ರೀ ಪಾಯಿಂಟ್ ಶಾಟ್ ಕಲಿಯಲಾ?

ತೂಕ ಹೆಚ್ಚಿಸಿಕೊಳ್ಳಲೇಬೇಡಿ. ಆಗಲೇ ನಾಲ್ಕು ಕೆಜಿ ಏರಿಸಿದ್ದೀನಿ ಅಂತ ಬರೆದಿದ್ದೀರಲ್ಲ, ಅದನ್ನೂ ಇಳಿಸಿ. ಮೊದಲು ಕಣ್ಣುಮುಚ್ಚಿ ಹಾಕುತ್ತಿದ್ದ ಹುಕ್ ಶಾಟ್ (ಪಕ್ಕಕ್ಕೆ ತಿರುಗಿ ಒಂದೇ ಕೈ ತಲೆ ಮೇಲಿಂದ ಬೀಸಿ ಹಾಕುವ ಶಾಟ್) ಈಗ ರಿಂಗ್‌ನ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತೆ, ಹುಡುಗರು ಆಚೆಗೆ ತಳ್ಳಿಬಿಡ್ತಾರೆ ಅಂದಿದ್ದೀರಿ. ಅದನ್ನು ಓದುವಾಗ ನನ್ನ ಕೈ ತಾನಾಗಿ ಎಡ ಮಂಡಿಯ ಹೊಲಿಗೆ ಗುರುತಿನ ಮೇಲೆ ಹೋಯಿತು.

ನಾನು ಆರಡಿ ಮೂರಿಂಚು. ಬೆಂಗಳೂರಿನ ಒಂದು ಬ್ಯಾಂಕ್ ತಂಡಕ್ಕೆ ಹನ್ನೊಂದು ವರ್ಷ ಪಿವೋಟ್, ಅಂದರೆ ರಿಂಗ್ ಹತ್ತಿರ ನಿಲ್ಲುವ ಎತ್ತರದ ಆಟಗಾರನಾಗಿ ಆಡಿದೆ. ಎಡಗಡೆ ಪೋಸ್ಟ್ ನನ್ನ ಜಾಗ. ರಿಂಗ್‌ಗೆ ಬೆನ್ನು ಕೊಟ್ಟು ನಿಂತು, ಬಾಲ್ ಬಂದ ಕೂಡಲೇ ಬಲ ಭುಜ ಒಮ್ಮೆ ಅಲುಗಿಸಿ, ಎಡಕ್ಕೆ ತಿರುಗಿ, ಡಿ (ರಿಂಗ್ ಕೆಳಗೆ ಗೆರೆ ಹಾಕಿದ ಜಾಗ) ಮಧ್ಯಕ್ಕೆ ಎಡಗಾಲಿಟ್ಟು ಬಲಗೈ ಹುಕ್. ಇಪ್ಪತ್ತೆಂಟರ ವಯಸ್ಸಲ್ಲಿ ಈ ಒಂದೇ ಪಟ್ಟಿನಿಂದ ಮ್ಯಾಚಿಗೆ ಹದಿನಾರು, ಹದಿನೆಂಟು ಪಾಯಿಂಟ್ ಬರುತ್ತಿತ್ತು. ಮೂವತ್ನಾಲ್ಕಕ್ಕೆ ಆರೇಳಕ್ಕೆ ಇಳಿಯಿತು.

ಅದೂ ಎಂಥಾ ಸಮಯದಲ್ಲಿ! 2010ರಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ಡಿ ಆಕಾರ ಬದಲಾಯಿಸಿದ್ದು ನಿಮಗೂ ನೆನಪಿರಬಹುದು. ಹಳೆಯ ಡಿ ಬೇಸ್‌ಲೈನ್ (ರಿಂಗ್ ಹಿಂದಿನ ಕೊನೆ ಗೆರೆ) ಹತ್ತಿರ ಅಗಲವಾಗುತ್ತಾ ಹೋಗಿ ಆರು ಮೀಟರ್ ಇರುತ್ತಿತ್ತು. ಹೊಸದು ನೇರ ಆಯತ, ಅಗಲ 4.9 ಮೀಟರ್. ಅಂದರೆ ಬೇಸ್‌ಲೈನ್ ಬಳಿ ಒಂದೊಂದು ಕಡೆ ಅರ್ಧ ಮೀಟರಿಗಿಂತ ಹೆಚ್ಚು ಗೆರೆ ಒಳಗೆ ಬಂತು. ಡಿ ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನೋ ನಿಯಮ ಮುರಿಯದ ಹಾಗೆ ರಿಂಗ್‌ಗೆ ಅಷ್ಟು ಹತ್ತಿರ ನಿಲ್ಲಬಹುದು. ಪಿವೋಟ್‌ಗಳಿಗೆ ಹಬ್ಬ ಅಂತ ಎಲ್ಲರೂ ಅಂದರು. ನಮ್ಮ ಸಿಮೆಂಟ್ ಕೋರ್ಟ್‌ಗೂ ಹೊಸ ಗೆರೆ ಬಿತ್ತು. ನನ್ನ ಪಾಯಿಂಟ್ ಮಾತ್ರ ಇನ್ನೂ ಇಳಿಯಿತು. ಆ ಹೊತ್ತಿಗೆ ನಾನು "ಹೀಗಾದರೂ ಬೀಳುತ್ತಿಲ್ಲ ಅಂದರೆ ಶಕ್ತಿಯೇ ಸಾಲುತ್ತಿಲ್ಲ" ಅಂತ ತೀರ್ಮಾನಿಸಿಬಿಟ್ಟೆ.

ತಪ್ಪು ಶುರುವಾಗಿದ್ದು ಅಲ್ಲಿ. ಐದು ತಿಂಗಳಲ್ಲಿ 92 ಕೆಜಿಯಿಂದ 101 ಕೆಜಿಗೆ ಹೋದೆ. ಬೆಳಿಗ್ಗೆ ಆರು ಮೊಟ್ಟೆ, ರಾತ್ರಿ ಎರಡು ಮುದ್ದೆ, ವಾರಕ್ಕೆ ಮೂರು ದಿನ ಭಾರದ ಸ್ಕ್ವಾಟ್. ಮೊದಲ ಮೂರು ಮ್ಯಾಚ್ ಚೆನ್ನಾಗೇ ಹೋಯಿತು, ಅದೇ ನನ್ನನ್ನು ಕೆಡಿಸಿತು. ಹುಡುಗರು ತಳ್ಳಿದರೆ ಅಲುಗುತ್ತಿರಲಿಲ್ಲ. ಆದರೆ ಅಲುಗದೆ ನಿಂತಿದ್ದು ಎಲ್ಲಿ ಅಂತ ನೋಡಲೇ ಇಲ್ಲ. ಆ ಒಂಬತ್ತು ಕೆಜಿ ಹೊತ್ತು ಕೋರ್ಟ್‌ನ ಈ ತುದಿಯಿಂದ ಆ ತುದಿಗೆ ಓಡುವಷ್ಟರಲ್ಲಿ ಎದುರಾಳಿ ಆಗಲೇ ನನ್ನ ಜಾಗದಲ್ಲಿ ಕಾಲೂರಿ ನಿಂತಿರುತ್ತಿದ್ದ. ನಾನು ಅವನಿಂದ ಎರಡು ಹೆಜ್ಜೆ ಆಚೆ ನಿಂತು ಬಾಲ್ ಕೇಳುತ್ತಿದ್ದೆ. ಅಷ್ಟರಲ್ಲಿ ಶಾಟ್ ಹಾಕಲು ಕೊಡುವ 24 ಸೆಕೆಂಡ್ ಗಡಿಯಾರದಲ್ಲಿ ಉಳಿದಿರುತ್ತಿದ್ದುದು ಎಂಟೋ ಹತ್ತೋ. ಒಂದು ಸಲ ತಿರುಗಿ ಹಾಕುವುದಕ್ಕೆ ಮಾತ್ರ ಸಮಯ. ಮೊದಲ ಪಟ್ಟು ಹಿಡಿಯದಿದ್ದರೆ ಎರಡನೇ ಪಟ್ಟಿಗೆ ಪುರುಸೊತ್ತಿಲ್ಲ. ಜಾಗಕ್ಕೆ ಮೊದಲು ಹೋದವನಿಗೆ ತಳ್ಳಾಟವೇ ಬೇಕಾಗುವುದಿಲ್ಲ, ತಡವಾಗಿ ಹೋದವನು ಎಷ್ಟು ತಳ್ಳಿದರೂ ಆ ಎರಡು ಹೆಜ್ಜೆ ವಾಪಸ್ ಸಿಗುವುದಿಲ್ಲ. ಇಷ್ಟು ಸರಳ ವಿಷಯ ನನಗೆ ತಿಳಿಯುವಷ್ಟರಲ್ಲಿ ಒಂದೂವರೆ ವರ್ಷ ಹೋಗಿತ್ತು.

ಒಂದು ನಾಕೌಟ್ ಮ್ಯಾಚ್. ನಾವು ಒಂದು ಪಾಯಿಂಟ್ ಹಿಂದೆ, ಕೊನೆಯ ಬಾಲ್ ನನಗೇ ಕೊಟ್ಟರು. ಎದುರಿಗೆ ಇಪ್ಪತ್ತೆರಡರ ಹುಡುಗ. ಭುಜ ಅಲುಗಿಸಿದೆ, ಅವನು ಮೋಸ ಹೋದ. ಎಡಕ್ಕೆ ತಿರುಗಿದೆ, ಕೈ ಮೇಲಿಂದ ಬಾಲ್ ಬಿಟ್ಟೆ. ಬಿಟ್ಟ ಕ್ಷಣದಲ್ಲೇ ಬೆರಳಿಗೆ ಗೊತ್ತಾಯಿತು, ಕಮ್ಮಿ ಆಯಿತು ಅಂತ. ಮುಂದಿನ ಅಂಚಿಗೆ ಬಡಿದು ನನ್ನ ಎದೆಗೇ ವಾಪಸ್ ಬಂತು. ಮತ್ತೆ ಎತ್ತಿ ಹಾಕೋಣ ಅಂತ ಎಡಗಾಲಿನ ಮೇಲೆ ಹಾರಿದೆ, ಇಳಿಯುವಾಗ ಮಂಡಿ ಒಳಗೆ ಏನೋ ಕಿತ್ತ ಹಾಗಾಯಿತು. ಕಾರ್ಟಿಲೇಜ್ ಹರಿದಿತ್ತು. ಆಪರೇಷನ್ ಆಯಿತು, ಒಂದು ಸೀಸನ್ ಪೂರ್ತಿ ಹೋಯಿತು, ತಂಡದಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದರು.

ಕೋಲು ಹಿಡಿದು ಸಂಜೆ ಪ್ರಾಕ್ಟೀಸ್ ನೋಡಲು ಹೋಗುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಹಳೆಯ ಲೆಡ್ಜರ್ ಹಾಳೆಯ ಹಿಂದೆ ಅರ್ಧ ಕೋರ್ಟ್ ಬರೆದು, ನಮ್ಮ ಹೊಸ ಪಿವೋಟ್ ಬಾಲ್ ಹಿಡಿದ ಜಾಗಕ್ಕೆ ಒಂದೊಂದು ಗುರುತು ಹಾಕುತ್ತಿದ್ದೆ. ಬಾಸ್ಕೆಟ್ ಬಿದ್ದರೆ ಸೊನ್ನೆ, ತಪ್ಪಿದರೆ ಇಂಟು. ನಾಲ್ಕೇ ದಿನಕ್ಕೆ ಹಾಳೆ ಮಾತಾಡತೊಡಗಿತು. ಸೊನ್ನೆಗಳೆಲ್ಲ ಡಿ ಗೆರೆಗೆ ಅಂಟಿಕೊಂಡಿದ್ದವು, ಎರಡು ಹೆಜ್ಜೆ ಆಚೆ ಬರೀ ಇಂಟು. ಅವನು ಹತ್ತಿರ ಬಂದು, "ಅಣ್ಣಾ, ನಾನೇ ಆಡಿದ್ದಾ ಇದು?" ಅಂತ ಕೇಳಿದ. ಅವತ್ತು ರಾತ್ರಿ ಗೆಳೆಯನ ಹತ್ತಿರ ನನ್ನ ಹಳೆಯ ಮ್ಯಾಚ್‌ಗಳ ವಿಡಿಯೋ ಇಸ್ಕೊಂಡು ನನ್ನದನ್ನೂ ಹಾಗೇ ಬರೆದೆ. ಇಪ್ಪತ್ತೆಂಟರ ಹುಕ್ಕಿಗೂ ಮೂವತ್ತೈದರ ಹುಕ್ಕಿಗೂ ಕೈಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಬದಲಾಗಿದ್ದು ನಿಂತ ಜಾಗ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತೂಕವೋ ತ್ರೀ ಪಾಯಿಂಟೋ ಅಂತ ಆರಿಸುವ ಪ್ರಶ್ನೆ ಇದಲ್ಲವೇ ಅಲ್ಲ. ಎದುರಾಳಿಯ ಶಾಟ್ ತಪ್ಪಿ ವಾಪಸ್ ಬಂದ ಬಾಲ್ (ರಿಬೌಂಡ್) ನಮ್ಮವರ ಕೈಗೆ ಸಿಕ್ಕ ಕ್ಷಣದ ಮೊದಲ ಐದು ಹೆಜ್ಜೆ ನೀವು ಓಡುತ್ತೀರೋ ನಡೆಯುತ್ತೀರೋ, ಅದನ್ನು ಕೇಳಿಕೊಳ್ಳಿ. ಎದುರಾಳಿ ತಿರುಗಿ ನೋಡುವ ಮೊದಲು ಡಿ ಒಳಗೆ ಹೋಗಿ ಬೆನ್ನು ಕೊಟ್ಟರೆ ಅರ್ಧ ಬಾಸ್ಕೆಟ್ ಆದ ಹಾಗೇ.

ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಲೇಕರ್ಸ್ ತಂಡದ ಪಿವೋಟ್ ಆಗಿದ್ದ ಕರೀಮ್ ಅಬ್ದುಲ್ ಜಬ್ಬಾರ್‌ನನ್ನು ನೋಡಿ. 1985ರ ಫೈನಲ್ಸ್ ಮೊದಲ ಮ್ಯಾಚ್‌ನಲ್ಲಿ ಬಾಸ್ಟನ್ 148-114ರಿಂದ ಲೇಕರ್ಸ್‌ಗೆ ಹೊಡೆಯಿತು. 38 ವರ್ಷದ ಕರೀಮ್ ಹಾಕಿದ್ದು 12 ಪಾಯಿಂಟ್, ತೆಗೆದದ್ದು ಮೂರೇ ರಿಬೌಂಡ್. ಮುದುಕ ಆದ ಅಂದರು. ಎರಡನೇ ಮ್ಯಾಚ್‌ಗೆ ಅದೇ ಮನುಷ್ಯ 30 ಪಾಯಿಂಟ್, 17 ರಿಬೌಂಡ್, ಎಂಟು ಅಸಿಸ್ಟ್ (ಬಾಸ್ಕೆಟ್ ಬೀಳಿಸಿದ ಪಾಸ್). ಕೆಲವೇ ದಿನಗಳ ಅಂತರದಲ್ಲಿ ಯಾರೂ ತೂಕ ಏರಿಸಿಕೊಂಡು ಬರುವುದಿಲ್ಲ. ಸರಣಿ ಗೆದ್ದು ಫೈನಲ್ಸ್‌ನ ಶ್ರೇಷ್ಠ ಆಟಗಾರನೂ ಆದ. ಯೋಗ ಮಾಡಿಕೊಂಡು 42ರವರೆಗೆ ಆಡಿದ. ಎನ್‌ಬಿಎಯ ಸ್ಯಾನ್ ಆಂಟೋನಿಯೊ ತಂಡದ ಟಿಮ್ ಡಂಕನ್ ಕೂಡ ವಯಸ್ಸಾಗುತ್ತಾ ಮಂಡಿಗೋಸ್ಕರ ತೂಕ ಇಳಿಸಿದ. 2013ರಲ್ಲಿ ಮಯಾಮಿ ವಿರುದ್ಧದ ಫೈನಲ್ಸ್‌ನ ಏಳನೇ ಮ್ಯಾಚ್‌ನಲ್ಲಿ ಸ್ಕೋರ್ ಸಮ ಮಾಡಬಹುದಾಗಿದ್ದ ಪುಟ್ಟ ಹುಕ್ ತಪ್ಪಿಸಿ, ವಾಪಸ್ ಬಂದ ಬಾಲನ್ನು ಬೆರಳಿಂದ ತಟ್ಟಿ ಹಾಕುವುದನ್ನೂ ತಪ್ಪಿಸಿ, ನೆಲಕ್ಕೆ ಕೈ ಬಡಿದಿದ್ದ. ಆ ದೃಶ್ಯ ನನಗೆ ಇವತ್ತಿಗೂ ನೋಡಲಾಗುವುದಿಲ್ಲ. ಮರುವರ್ಷ 38ರಲ್ಲಿ ಅದೇ ಮಯಾಮಿಯನ್ನು ಸೋಲಿಸಿ ಕಪ್ ಎತ್ತಿದ.

ತ್ರೀ ಪಾಯಿಂಟ್ ವಿಚಾರಕ್ಕೆ ನೀವು ಎನ್‌ಬಿಎ ಪಿವೋಟ್ ಬ್ರೂಕ್ ಲೋಪೆಜ್ ಹೆಸರು ಹೇಳಿದ್ದೀರಿ. ಮೊದಲ ಎಂಟು ಸೀಸನ್ ಸೇರಿ ಮೂರೇ ತ್ರೀ ಹಾಕಿದ್ದವನು 2016-17ರ ಒಂದೇ ಸೀಸನ್‌ನಲ್ಲಿ 134 ಹಾಕಿದ, ನಿಜ. ಆಗ ಅವನಿಗೆ 28, ಬಾಸ್ಕೆಟ್‌ಬಾಲೇ ಅವನ ಉದ್ಯೋಗ. ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ, ಏಳು ಗಂಟೆಗೆ ಕೋರ್ಟ್‌ಗೆ ಬರುವ ನಿಮಗೆ 6.75 ಮೀಟರಿನ ಶಾಟ್ ಯಾಕೆ? ಡಿ ಮುಂತುದಿಯ ಫ್ರೀ ಥ್ರೋ ಗೆರೆಯ ಎರಡು ಮೂಲೆಗಳಿಂದ ದಿನಕ್ಕೆ ಐವತ್ತು ಹಾಕಿ. ಪಕ್ಕದಿಂದ ಹಾಕುವಾಗ ಡಂಕನ್ ಹಾಗೆ ಬೋರ್ಡ್‌ಗೆ ಬಡಿಸಿ, ಕಾಲು ಸೋತಾಗಲೂ ಬೋರ್ಡ್ ಕೈಹಿಡಿಯುತ್ತೆ.

ಇನ್ನೊಂದು, ಇದು ನಿಮಗೆ ಹಿಡಿಸದೇ ಇರಬಹುದು. ಎರಡು ಹೆಜ್ಜೆ ಆಚೆ ಬಾಲ್ ಸಿಕ್ಕಿದರೆ ತಿರುಗಲೇಬೇಡಿ. ಹೊರಗಿನಿಂದ ರಿಂಗ್ ಕಡೆಗೆ ನುಗ್ಗುವ ಗಾರ್ಡ್‌ಗೆ ಪಾಸ್ ಕೊಟ್ಟು, ಮತ್ತೆ ಒಳಗೆ ಹೋಗಿ ಕೇಳಿ. ವಾಪಸ್ ಬಂದ ಮೇಲೆ ನಾನು ಕೊನೆಯ ಎರಡು ಸೀಸನ್ ಆಡಿದ್ದೇ ಹೀಗೆ, 90 ಕೆಜಿಯಲ್ಲಿ, ಮ್ಯಾಚಿಗೆ ನಾಲ್ಕೇ ನಾಲ್ಕು ಹುಕ್. ಪಾಯಿಂಟ್ ಎಂಟೊಂಬತ್ತರ ಮೇಲೆ ಹೋಗಲಿಲ್ಲ. ಆದರೆ ಕೋಚ್ ಸರ್ ಕೊನೇ ಐದು ನಿಮಿಷ ನನ್ನನ್ನು ಹೊರಗೆ ಕೂರಿಸುತ್ತಿರಲಿಲ್ಲ.

ಈ ಭಾನುವಾರದ ಮ್ಯಾಚ್ ಯಾರಿಗಾದರೂ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಬಾಲ್ ಹಿಡಿದ ಕಡೆ ಎಲ್ಲಾ ಸೊನ್ನೆ, ಇಂಟು ಹಾಕಿ, ಹಾಳೆಯ ಫೋಟೋ ಇಲ್ಲೇ ಹಾಕಿ, ನೋಡುತ್ತೀನಿ. ಮತ್ತೆ ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತಾ ಅನ್ನೋದನ್ನ ನೀವು ಬರೆದಿಲ್ಲ. ಅದನ್ನು ಮೊದಲು ತಿಳಿಸಿ.