ಮೊದಲು ಸೀರಿಯಲ್, ಆಮೇಲೆ ಸಿನಿಮಾ

‘ಬೇಸೈಡ್ ಶೇಕ್‌ಡೌನ್’ ಅನ್ನೋ ಜಪಾನಿ ಪೊಲೀಸ್ ಸಿನಿಮಾವನ್ನೇ ನೇರವಾಗಿ ನೋಡಬಹುದಾ ಅಂತ ಕೇಳಿದ್ದೀರಿ. ನೋಡಬಹುದು, ಕಥೆ ಅರ್ಥವಾಗುತ್ತದೆ. ಆದರೆ ಅರ್ಧ ಮಜಾ ಹೋಗುತ್ತದೆ. ಅದಕ್ಕೆ ಮೂಲವಾದ 1997ರ ಸೀರಿಯಲ್ ಬರೀ 11 ಕಂತು, ಮೊದಲು ಅದನ್ನು ಮುಗಿಸಿಬಿಡಿ. ಸೇಲ್ಸ್‌ಮನ್ ಕೆಲಸ ಬಿಟ್ಟು ಪೊಲೀಸ್ ಆದ ಆಓಶಿಮಾಗೆ ಸ್ಟೇಷನ್ನಿನಲ್ಲಿ ಸಿಗುವುದು ಗುಂಡಿನ ಚಕಮಕಿ ಅಲ್ಲ. ಫಾರಂ, ಸಹಿ, ಮೇಲಿನವರಿಗೆ ಕಾರು ಓಡಿಸುವ ಚಾಕರಿ. ನಗು ಹುಟ್ಟುವುದೇ ಅಲ್ಲಿ. ಅವನಿಗೂ ಪೊಲೀಸ್ ಹೆಡ್ ಆಫೀಸಿನ ಅಧಿಕಾರಿ ಮುರೋಯಿಗೂ ನಡುವೆ ನಂಬಿಕೆ ಬೆಳೆಯುವುದು ನಿಧಾನವಾಗಿ. 1998ರ ಸಿನಿಮಾದಲ್ಲಿ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿಯೇ ಕಿಡ್ನಾಪ್ ಆಗುತ್ತಾನೆ. ಘಟನೆ ನಡೀತಿರೋದು ಮೀಟಿಂಗ್ ರೂಮಿನಲ್ಲಲ್ಲ, ಸ್ಥಳದಲ್ಲಿ ಅಂತ ಆಓಶಿಮಾ ಕೂಗಾಡುವುದು ಅದರಲ್ಲೇ. ಸೀರಿಯಲ್ ನೋಡದಿದ್ದರೆ ಅದು ಸುಮ್ನೆ ಒಂದು ಡೈಲಾಗ್ ಅಷ್ಟೇ. ಸ್ಟೇಷನ್ನಿನ ಹಿರಿಯ ಪತ್ತೇದಾರ, ಮುದುಕ ವಾಕು ಮೇಲೆ ಕಣ್ಣಿಡಿ, ನನಗಂತೂ ಅವನೇ ಜಾಸ್ತಿ ಇಷ್ಟ.